ಹತ್ತಿ ತುಂಬಿದ ಗೋದಾಮಿನಲ್ಲಿ ಅಕ್ಕನ ಗಿಟಾರು

ಗಿಟಾರಿನ ಮೇಲೆ ಗಿಟಾರು ಪದರಗಟ್ಟಿ, ಬೆಟ್ಟದಂತೆ ಎದ್ದು ನಿಲ್ಲುವ ಸಂಗೀತ ಸ್ವತಂತ್ರ ತಂಡಗಳಲ್ಲಿ ಮರಳಿ ಬಂದಿದೆ ಎಂದು ಈಗ ಎಲ್ಲರೂ ಸಂಭ್ರಮಿಸುತ್ತಿದ್ದಾರೆ. ಸಂತೋಷ. ಆದರೆ ಅದನ್ನು ಹೊರಗಟ್ಟಿದವರು ಯಾರು ಎಂಬ ಪ್ರಶ್ನೆಗೆ ಉತ್ತರಿಸುವವರಿಲ್ಲ. ಹೋದ ವರ್ಷ ನನ್ನ ಅಕ್ಕನ ಹಾಡನ್ನು "ಇಷ್ಟೊಂದು ಗಿಟಾರ್ ಈಗ ಯಾರು ಕೇಳ್ತಾರೆ?" ಎಂದು ತಿರಸ್ಕರಿಸಿದ ಬೆಳಗಾವಿಯ ಸಂಗೀತೋತ್ಸವದ ಸಂಘಟಕರೇ ಈ ವರ್ಷ ಫೋನು ಮಾಡಿದರು. ಅದೇ ಹಾಡು ಬೇಕಂತೆ. ಮನೆಯ ಕೋಣೆಯಲ್ಲಿ ರೆಕಾರ್ಡ್ ಮಾಡಿದ್ದು ಬಡಕಲಾಗಿ ಕೇಳುತ್ತದಂತೆ. ಭವ್ಯವಾಗಿ ನುಡಿಸಿ ಸೋಮವಾರದೊಳಗೆ ಕಳಿಸದಿದ್ದರೆ ವೇದಿಕೆ ಬೇರೆಯವರ ಪಾಲು. ನಾನಾಗಿದ್ದರೆ ಮೊದಲು ಹೋದ ವರ್ಷದ ಮಾತಿಗೆ ಜವಾಬು ಕೇಳುತ್ತಿದ್ದೆ. ರಾಮದುರ್ಗದ ಬ್ಯಾಂಕಿನಲ್ಲಿ ವಾರವಿಡೀ ದುಡಿದು, ಶನಿವಾರ ಯರಗಟ್ಟಿಯಲ್ಲಿ ಬಸ್ಸು ಬದಲಿಸಿ ಬೈಲಹೊಂಗಲಕ್ಕೆ ಬರುವ ಅಕ್ಕ ಮಾತ್ರ ಗಿಟಾರಿನ ಚೀಲ ಇಳಿಸುತ್ತಲೇ "ಕಳಸೋಣು" ಎಂದಳು.

ರೆಕಾರ್ಡ್ ಮಾಡುವ ಜಾಗವನ್ನು ಅವಳು ಬೇಸಿಗೆಯಲ್ಲೇ ಗೊತ್ತು ಮಾಡಿಟ್ಟಿದ್ದಳು. ಹತ್ತಿಯಿಂದ ಬೀಜ ಬಿಡಿಸುವ ಕಾಕಾನ ಜಿನ್ನಿಂಗ್ ಮಿಲ್ಲಿನ ಖಾಲಿ ಗೋದಾಮಿನಲ್ಲಿ ಆಗ ಒಂದು ಚಪ್ಪಾಳೆ ತಟ್ಟಿದಾಗ, ಆ ಸದ್ದು ತಗಡಿನ ಚಾವಣಿಯನ್ನು ಸುತ್ತಿ ಇಡೀ ಜಾತ್ರೆಯಾಗಿ ಮರಳಿತ್ತು. ಕೇಳಿದ್ದಕ್ಕೆ ಕಾಕಾ ಒಪ್ಪಿಯೂ ಇದ್ದರು.

ಭಾನುವಾರ ಮಿಲ್ಲಿನ ಯಂತ್ರಗಳಿಗೆ ರಜೆ. ಬೆಳಿಗ್ಗೆ ಬೀಗ ತೆಗೆದರೆ, ನೆಲದಿಂದ ಚಾವಣಿಯವರೆಗೆ ಹತ್ತಿ. ಅಕ್ಕ ಚಪ್ಪಾಳೆ ತಟ್ಟಿದಳು. ಸದ್ದು ಅಂಗೈಯಲ್ಲೇ ಸತ್ತಿತು. ಹತ್ತಿಯ ಊರಿನಲ್ಲಿ ಹುಟ್ಟಿ ಬೆಳೆದ ನಾವಿಬ್ಬರೂ, ದೀಪಾವಳಿ ಕಳೆದರೆ ಗೋದಾಮು ತುಂಬುತ್ತದೆ ಎಂಬುದನ್ನು ಮರೆತಿದ್ದೆವು.

"ಕಾಕಾ, ಗೋದಾಮು ಕೊಡತೇನಿ ಅಂತ ಮಾತ ಕೊಟ್ಟಿದ್ರಿ!" ಹೊರಗೆ ನಿಂತಿದ್ದ ಕಾಕಾನೊಂದಿಗೆ ನಾನು ಜಗಳಕ್ಕೇ ನಿಂತೆ.

"ಕೊಟ್ಟೇನಲ್ಲಬೇ. ಕೀಲಿ ನಿನ್ನ ಕೈಯಾಗ ಐತಿ."

"ಖಾಲಿ ಗೋದಾಮು ಬೇಕಾಗಿತ್ತರಿ."

"ಗೇಟಿಗೆ ನೇಸರಗಿ ರೈತರ ಟ್ರ್ಯಾಕ್ಟರ್ ನಿಂತಾವ ನೋಡು. ಹೋಗಿ ಹೇಳು, ನಮ್ಮಕ್ಕ ಗಿಟಾರ್ ಬಾರಸ್ತಾಳ, ಹತ್ತಿ ತಿರಗಿ ಹೊಲಕ್ಕ ಒಯ್ರಿ ಅಂತ."

ಅಕ್ಕನಿಗೆ ನಗು ತಡೆಯಲಾಗಲಿಲ್ಲ. "ಸಾಕ ಬಿಡ ನಿನ್ನ ಭಾಷಣ. ಬಾ, ವಾಯರ್ ಹಿಡಿ."

ಹತ್ತಿಯ ಮೂಟೆಗಳ ಸಂದಿಯಲ್ಲಿ ಕುಳಿತು ಅವಳು ಮೊದಲ ಸಾಲನ್ನು ನುಡಿಸಿದಳು. ಆಮೇಲೆ ಅದನ್ನೇ ಹೆಡ್‌ಫೋನಿನಲ್ಲಿ ಕೇಳುತ್ತ ಅದರ ಮೇಲೆ ಮತ್ತೊಮ್ಮೆ, ಮಗದೊಮ್ಮೆ. ನನಗೆ ತಾಳ್ಮೆ ಉಳಿಯಲಿಲ್ಲ.

"ಅದನ್ನ ಕಾಪಿ ಮಾಡಬಾರದೇನ? ಒಂದ ಗುಂಡಿ ಒತ್ತಿದ್ರ ನೂರ ಆಗತಾವ."

"ನೂರ ಆದ್ರೂ ಒಬ್ಬಾಕಿನ. ಶ್ರಾವಣದ ಭಜನಿ ನೆನಪ ಮಾಡ್ಕೊ. ಮುಂದಿನವರು ಅಂದ ಸಾಲನ್ನ ಹಿಂದಿನವರು ಎತ್ತತಾರ. ಒಬ್ಬ ಜಗ್ಗತಾನ, ಒಬ್ಬ ಲಗೂ ಮುಗಸ್ತಾನ. ಎಲ್ಲಾರೂ ಒಮ್ಮೆಲೆ ಎತ್ತಿ ಒಮ್ಮೆಲೆ ಮುಗಸಿದ್ರ ಗುಡಿ ತುಂಬೂದಿಲ್ಲ."

ಅಲ್ಲಿಂದ ಮುಂದೆ ಅವಳು ಒಂದೊಂದು ಪದರವನ್ನೂ ಭಜನೆಯ ಒಬ್ಬೊಬ್ಬರಂತೆ ನುಡಿಸಿದಳು: ಉಸಿರು ಸಾಲದೆ ಹಿಂದುಳಿಯುವ ಹಿರಿಯರು, ಸೊಲ್ಲಿನ ಕೊನೆಯನ್ನು ಬಿಡಲಾರದೆ ಎಳೆಯುವ ಅಜ್ಜಿ. ಖಾಲಿ ಗೋದಾಮಿನ ಮಾರ್ದನಿ ಇದ್ದಿದ್ದರೆ ಎಲ್ಲವೂ ಕಲಸಿಹೋಗುತ್ತಿದ್ದವು. ಹತ್ತಿ ಹೆಚ್ಚಿನದನ್ನೆಲ್ಲ ಹೀರಿಕೊಂಡಿತ್ತು. ಪ್ರತಿ ತಂತಿಯೂ ನಗ್ನವಾಗಿ, ತನ್ನ ನಡುಕದ ಸಮೇತ ಉಳಿದಿತ್ತು.

ಮಧ್ಯಾಹ್ನ ಕಾಕಾ ಹಾಡುವ ಭಜನಾ ಮೇಳದ ಸ್ಪೀಕರು ತಂದು, ಬಾಗಿಲು ತೆರೆದಿಟ್ಟು ಎಲ್ಲವನ್ನೂ ಒಟ್ಟಿಗೆ ಕೇಳಿದೆವು. ಆರಂಭದಲ್ಲಿ ಒಂದೇ ಒಂದು ಗಿಟಾರು. ಅದರ ಬೆನ್ನಿಗೆ ಇನ್ನೊಂದು. ನೋಡನೋಡುತ್ತ ಕಿತ್ತೂರಿನ ಕೋಟೆಯ ಬಿದ್ದ ಗೋಡೆಗಳು ಕಲ್ಲಿನ ಮೇಲೆ ಕಲ್ಲಾಗಿ ಮತ್ತೆ ಮೇಲೇಳುತ್ತಿರುವಂತೆ ನಾದ ಬೆಳೆಯಿತು. ಬೆಳಗಿನಿಂದ ಪಕ್ಕದಲ್ಲೇ ವಾಯರು ಹಿಡಿದು ಕುಳಿತಿದ್ದವಳು ನಾನು. ಆದರೂ ಇದು ಎಲ್ಲಿಂದ ಬಂತೆಂದು ತಿಳಿಯಲಿಲ್ಲ. ಗೇಟಿನ ಬಳಿ ಟ್ರ್ಯಾಕ್ಟರುಗಳ ಎಂಜಿನ್ನುಗಳು ಒಂದೊಂದಾಗಿ ನಿಂತವು.

ಕಾಕಾ ಓಡಿ ಬಂದರು. "ಎಷ್ಟ ಮಂದಿ ಕರಕೊಂಡ ಬಂದೀರಿ?"

"ನಾ ಒಬ್ಬಾಕಿನ ಬಾರಿಸೀನಿ ಕಾಕಾ," ಎಂದಳು ಅಕ್ಕ.

"ಸುಳ್ಳ ಹೇಳಬ್ಯಾಡ." ಅವರು ಮೂಟೆಗಳ ಹಿಂದೆ ಬಗ್ಗಿ ನೋಡಿ ಬಂದರು. ಮತ್ತೆ ಕಿವಿಗೊಟ್ಟು ಹುಬ್ಬು ಗಂಟಿಕ್ಕಿದರು. "ನಡಕ ನಡಕ ಎಲ್ಲಾರಕಿಂತ ಮೊದಲ ನುಗ್ಗತಾನಲ್ಲ, ಆ ಗಡಿಬಿಡಿಯವ ಯಾಂವ?"

"ನೀವ ರೀ."

ಹಾಡನ್ನು ಅಂದೇ ಕಳಿಸಿದೆವು. ವೇದಿಕೆ ಅಕ್ಕನಿಗೇ ಸಿಕ್ಕಿತು. ಯಾರ್ಯಾರು ನುಡಿಸಿದ್ದಾರೆ, ಎಲ್ಲರನ್ನೂ ಕರೆತನ್ನಿ ಎಂದು ಸಂಘಟಕರು ಬರೆದರು. ಒಬ್ಬಳೇ ಎಂದು ಉತ್ತರಿಸಿ, ಹೋದ ವರ್ಷ ಇದನ್ನು ಬೇಡವೆಂದದ್ದು ಯಾರು, ಯಾವ ಆಧಾರದ ಮೇಲೆ ಎಂದು ಕೆಳಗೆ ನನ್ನ ಪ್ರಶ್ನೆಯನ್ನೂ ಸೇರಿಸಿದೆ. ಉತ್ತರ ಇನ್ನೂ ಬಂದಿಲ್ಲ. ಕಾರ್ಯಕ್ರಮದ ಸಂಜೆ ಮುಂದಿನ ಸಾಲಿನಲ್ಲಿ ಕಾಕಾನ ಪಕ್ಕ ಕುಳಿತಿರುತ್ತೇನೆ. ಹಾಡು ಮುಗಿದ ಮೇಲೂ ನನ್ನ ಬಾಯಿಂದ ಮಾತು ಹೊರಟರೆ, ಸಂಘಟಕರನ್ನು ಅದನ್ನೇ ಮುಖಾಮುಖಿ ಕೇಳುತ್ತೇನೆ.