ಚಿಲ್ ಎಂದವರ ಮೇಲೆ ಗುಮಾನಿ

ಹಲ್ಲು ಕಟಕಟ ಎನ್ನುವ ಜನವರಿಯಲ್ಲಿ ದೆಹಲಿಯ ಕಡೆಯವರು ಒಬ್ಬರಿಗೊಬ್ಬರು ಹೇಳಿಕೊಳ್ಳುವ ಸಮಾಧಾನದ ಮಾತು ಯಾವುದು ಗೊತ್ತೇ? ‘ಚಿಲ್’! ಊರಲ್ಲಿರುವ ನಿಮಗೆ ನಗು ಬರಬಹುದು. ಮದುವೆಯಾಗಿ ನೋಯ್ಡಾಕ್ಕೆ ಬಂದ ಹೊಸದರಲ್ಲಿ ನನಗೆ ಬಂದದ್ದು ಗುಮಾನಿ. ಲಿಫ್ಟ್ ಕೆಟ್ಟರೂ ಚಿಲ್, ಗೀಸರ್ ಕೆಟ್ಟರೂ ಚಿಲ್. ಗಡಿಯಲ್ಲಿರುವ ನನ್ನ ಗಂಡನ ಫೋನು ವಾರದಿಂದ ಬಂದಿಲ್ಲವೆಂದರೂ ಪಕ್ಕದ ಮನೆಯ ಸಿಮ್ರನ್ ದೀದಿ "ಚಿಲ್ ಕರೋ" ಎಂದರು. ಅವರೂ ನನ್ನಂತೆ ಫೌಜಿಯ, ಅಂದರೆ ಸೈನಿಕನ ಹೆಂಡತಿಯೇ. ಏನೋ ಗೊತ್ತಿದ್ದೂ ಮುಚ್ಚಿಡುತ್ತಿದ್ದಾರೆಯೇ?

ನಿಘಂಟು ತೆಗೆದು ನೋಡಿದೆ. ಮೂಲದಲ್ಲಿ ಆ ಪದಕ್ಕೆ ಬರೀ ಚಳಿ ಎಂದೇ ಅರ್ಥ. ಆಮೇಲೆ ನಡುಕ, ಭಯದ ನಡುಕವೂ ಸೇರಿಕೊಂಡಿತು. ಗಾಬರಿಯಾಗಬೇಡ ಎಂಬ ಅರ್ಥ ಬಂದದ್ದು ಮೊನ್ನೆ ಮೊನ್ನೆ, ಅಮೆರಿಕದ ಹುಡುಗರ ಆಡುಮಾತಿನಿಂದ. ನಮ್ಮಲ್ಲೂ ‘ನಿನ್ನ ಹೊಟ್ಟೆ ತಣ್ಣಗಿರಲಿ’ ಎಂದು ಹರಸುತ್ತಾರೆ, ನಿಜ. ಆದರೆ ಅದು ಉಂಡು ತೃಪ್ತಿಯಾದವರು ಹೇಳುವ ಮಾತು. ಊಟವೇ ಸೇರದವಳಿಗೆ ಹೇಳುವುದಲ್ಲ.

ನಾನು ಕುಶಾಲನಗರದ ಸುಬೇದಾರರ ಮಗಳು. ಅಪ್ಪನ ಮಿಲಿಟರಿ ಕ್ವಾರ್ಟರ್ಸ್‌ನಲ್ಲಿ ಯಾರ ಮನೆಗಾದರೂ ಕೆಟ್ಟ ಸುದ್ದಿ ಬಂದರೆ ಮೊದಲು ಹೆಂಗಸರೆಲ್ಲ ಸೇರಿ ಆ ಮನೆಗೆ ಹೋಗುತ್ತಿದ್ದರು. ಹಾಗಾಗಿ ಮರುದಿನ ಮಧ್ಯಾಹ್ನ ಬೆಲ್ ಆಗಿ, ಬಾಗಿಲ ಕಿಂಡಿಯಲ್ಲಿ ಸಿಮ್ರನ್ ದೀದಿಯ ಜೊತೆ ನಾಲ್ಕೈದು ಹೆಂಗಸರು ಕಂಡಾಗ ಚಿಲಕದ ಮೇಲಿಟ್ಟ ಕೈ ಹಿಂದೆಗೆದೆ. ಬಾಗಿಲು ತೆರೆಯಲಿಲ್ಲ. ತೆರೆಯದಿದ್ದರೆ ಸುದ್ದಿ ಒಳಗೆ ಬರುವುದಿಲ್ಲವಲ್ಲ!

"ದರ್ವಾಜಾ ಖೋಲೋ ಬೇಟಾ, ಲೋಹ್ಡಿ ಹೈ!" ಬಾಗಿಲು ತೆಗೆಯಮ್ಮ, ಇವತ್ತು ಲೋಹ್ಡಿ ಎಂದು ಹೊರಗಿನಿಂದ ದೀದಿಯ ಕೂಗು.

ಲೋಹ್ಡಿ ಎಂದರೆ ನಮ್ಮ ಸಂಕ್ರಾಂತಿಯ ಮುನ್ನಾದಿನ ಪಂಜಾಬಿಗಳು ಬೆಂಕಿ ಹಾಕಿ ಆಚರಿಸುವ ಹಬ್ಬ. ಹೊಸ ಸೊಸೆಯನ್ನು ಎಲ್ಲರೂ ಕೂಡಿ ಬಂದು ಕರೆಯುವುದು ಇಲ್ಲಿಯ ರೂಢಿಯಂತೆ. ಬಾಗಿಲು ತೆರೆದರೆ ಅವರ ಕೈಯಲ್ಲಿ ಕಡಲೆಕಾಯಿ, ರೇವ್ಡಿ. ರೇವ್ಡಿ ಅಂದರೆ ನಮ್ಮ ಎಳ್ಳುಬೆಲ್ಲವನ್ನೇ ಒತ್ತಿ ಬಿಲ್ಲೆ ಮಾಡಿದಂತೆ. ಆಗಲೂ ಒಬ್ಬೊಬ್ಬರ ಮುಖವನ್ನೂ ಹುಡುಕಿ ನೋಡಿದೆ. ಆ ನಗು ನಿಜದ್ದೇ?

ಸಂಜೆ ಬೆಂಕಿಯ ಸುತ್ತ ನಿಂತಿದ್ದಾಗ ಫೋನು ಬಂತು. ಅವರೇ! ಹಿಮ ಬಿದ್ದು ಲೈನೆಲ್ಲ ಹಾಳಾಗಿತ್ತಂತೆ.

"ಹೇಗಿದ್ದೀಯ?"

ಅಳು ಒತ್ತರಿಸಿ ಬಂತು. ಎಲ್ಲರೂ ನನ್ನನ್ನೇ ನೋಡುತ್ತಿದ್ದರು. ನುಂಗಿಕೊಂಡು, "ನಾನಾ? ಫುಲ್ ಚಿಲ್ ರೀ" ಎಂದೆ.

ಅವರ ದನಿ ತಗ್ಗಿತು.

"ಇದು ನೀನಾಡೋ ಮಾತಲ್ಲ. ಏನೋ ಮುಚ್ಚಿಡ್ತಿದ್ದೀಯ. ದೀದಿ ಕೈಗೆ ಫೋನ್ ಕೊಡು."