ಐದು ಮುದ್ದೆ ಸಿಮೆಂಟ್

ಸುರಪುರದಲ್ಲಿ ಟೈಲ್ಸ್ ಕೂಡಿಸುವ ಹೆಂಗಸು ಎಂದರೆ ಮಜೀದಾ ಒಬ್ಬಳೇ. ಗಂಡ ಇನಾಯತನ ಕೈಕೆಳಗೆ ಹನ್ನೊಂದು ವರ್ಷ ಸಿಮೆಂಟ್ ಕಲಸಿಕೊಟ್ಟವಳು. ಎರಡು ವರ್ಷದ ಹಿಂದೆ ಶಹಾಪುರದ ಒಂದು ಕಟ್ಟಡದ ಮೇಲಿಂದ ಬಿದ್ದು ಇನಾಯತನ ಬೆನ್ನು ಕೆಟ್ಟಿತು. ಆಮೇಲೆ ಅವಳೇ ಕರಣಿ ಹಿಡಿದಳು. ಮೊದಮೊದಲು ಜನ ಬಾಗಿಲಲ್ಲೇ ನಿಲ್ಲಿಸಿ, "ಮೇಸ್ತ್ರಿ ಎಲ್ಲದಾನ?" ಎಂದು ಕೇಳುತ್ತಿದ್ದರು. ಈಗ ಕೇಳುವುದಿಲ್ಲ.

ಆ ದಿನ ಅವಳನ್ನು ಕರೆಸಿದ್ದವರು ಅಂಬ್ರಪ್ಪ, ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿ ನಿವೃತ್ತರಾದವರು. ಹಿತ್ತಲಲ್ಲಿ ಬಟ್ಟೆ ಒಗೆಯುವ ಕಟ್ಟೆಯ ಟೈಲ್ಸ್ ಒಂದು ಸಡಿಲಾಗಿತ್ತು. ಆದರೆ ಅವರಿಗೆ ಹೇಳಬೇಕಾಗಿದ್ದುದು ಬೇರೆಯೇ. ಲಕ್ವಾ ಹೊಡೆದು ಹೆಂಡತಿ ಮೋನಮ್ಮನ ಎಡಗಾಲು ಸೋತಿತ್ತು. ಆಕೆ ಹಿಡಿದು ಏಳಲೆಂದು ಬಚ್ಚಲಮನೆಯ ಗೋಡೆಗೆ ಸ್ಟೀಲಿನ ಹಿಡಿಕೆಯೊಂದನ್ನು ತಾವೇ ಅಂಟಿಸಿದ್ದರು.

"ತೂತು ಹೊಡದ್ರ ಟೈಲ್ಸ್ ಒಡೀತಾವ, ಹಿಂದ ನಳದ ಪೈಪೂ ಅದ. ಅದಕ್ಕ ಅಂಟಿಗಂತ ನಾಕು ಅಂಗಡಿ ತಿರುಗೀನಿ ಮಜೀದಾ. ಬಿಳಿ ಅಂಟು ಕಟಿಗಿಗೆ, ಸಿಲಿಕಾನು ಸಂದಿಗೆ, ಭಾರಕ್ಕ ಮಾತ್ರ ಎರಡು ಟ್ಯೂಬ್ ಕಲಸಿ ಹಚ್ಚೋದೇ ಬೇಕು ಅಂದ್ರು. ಹಚ್ಚಿ ಮೂರು ದಿನ ಮುಟ್ಟಿಲ್ಲ. ಇವತ್ತ ನಿಮ್ಮ ಕಾಕಿ ಒಬ್ಬಾಕಿನೇ ಝಳಕಕ್ಕ ಹೋಗ್ಯಾಳ."

ಅವರ ದನಿಯಲ್ಲಿ ಹೆಮ್ಮೆಯಿತ್ತು. ಮಜೀದಾ ನಕ್ಕು ಕಟ್ಟೆಯ ಬಳಿ ಕುಳಿತಳು. ಸಡಿಲಾದ ಟೈಲ್ಸನ್ನು ಕರಣಿಯ ಹಿಡಿಯಿಂದ ತಟ್ಟಿದಳು. ಪೊಳ್ಳು ಸದ್ದು, ಹಿಂದೆ ಸಿಮೆಂಟ್ ತುಂಬಿಲ್ಲ. ಪಕ್ಕದ್ದನ್ನು ತಟ್ಟಿದಳು, ಅದೂ ಪೊಳ್ಳು. ಅದರಾಚೆಯದೂ. ನಾಲ್ಕು ವರ್ಷದ ಹಿಂದೆ ಈ ಕಟ್ಟೆಯನ್ನೂ ಆ ಬಚ್ಚಲಮನೆಯನ್ನೂ ಒಂದೇ ವಾರದಲ್ಲಿ ಮುಗಿಸಿದ್ದು ಇನಾಯತ. ಸಿಮೆಂಟ್ ಕಲಸಿದ್ದು ಅವಳು. ಹಿಡಿಕೆ ಅಂಟಿಸಿದ ಟೈಲ್ಸೂ ಹೀಗೇ ಇರಬೇಕು.

ಕರಣಿ ಹಿಡಿದೇ ಓಡಿಹೋಗಿ ಬಚ್ಚಲಮನೆಯ ಬಾಗಿಲು ಬಡಿದಳು.

"ಕಾಕಿ! ಹಿಡಿಕಿ ಜಗ್ಗಬ್ಯಾಡ್ರಿ! ಸ್ಟೂಲಿನ ಮ್ಯಾಲೇ ಕೂಡ್ರಿ!"

"ಅರ್ಧ ಎದ್ದೀನಿ ಬೇ," ಒಳಗಿಂದ ಮೋನಮ್ಮನ ದನಿ ಬಂತು. "ಸ್ಟೂಲು ಜಾರಿ ಹಿಂದ ಹೋಗ್ಯದ. ಕೈ ಬಿಟ್ರ ಬೀಳ್ತೀನಿ. ಇದು… ಇದು ಅಳ್ಳಾಡಾಕತ್ತದ."

ಬಾಗಿಲಿಗೆ ಒಳಗಿನಿಂದ ಚಿಲಕ. ಅಂಬ್ರಪ್ಪ ಹೆಗಲು ಕೊಟ್ಟು ನೂಕಲು ಬಂದರು. ಮಜೀದಾ ತಡೆದಳು, ಬಾಗಿಲು ರಪ್ಪನೆ ತೆರೆದರೆ ಮುದುಕಿಗೇ ಬಡಿಯುತ್ತಿತ್ತು. ಕರಣಿಯ ತುದಿಯನ್ನು ಸಂದಿಗೆ ತೂರಿಸಿ ಚಿಲಕವನ್ನು ಮೇಲಕ್ಕೆ ಎತ್ತಿದಳು. ಒಮ್ಮೆ ಜಾರಿತು. ಒಳಗೆ ಚಟ್ ಎಂದು ಏನೋ ಬಿರುಕು ಬಿಟ್ಟ ಸದ್ದಾಯಿತು. ಮೋನಮ್ಮ "ಯವ್ವಾ" ಎಂದಳು. ಎರಡನೇ ಸಲಕ್ಕೆ ಚಿಲಕ ಎದ್ದಿತು.

ಮಜೀದಾ ಒಳನುಗ್ಗಿ ಒದ್ದೆ ಮೈಯನ್ನು ಹಿಂದಿನಿಂದ ಎರಡೂ ಕೈಯಲ್ಲಿ ತಬ್ಬಿದಳು. ಅದೇ ಹೊತ್ತಿಗೆ ಹಿಡಿಕೆ, ಎರಡು ಟೈಲ್ಸ್ ಸಮೇತ, ಗೋಡೆ ಬಿಟ್ಟು ಬಂದು ನೆಲಕ್ಕೆ ಬಡಿಯಿತು. ಇಬ್ಬರೂ ಗೋಡೆಗೆ ಒರಗಿ ಮೆಲ್ಲಗೆ ಕೆಳಗೆ ಜಾರಿದರು. ಮೋನಮ್ಮನ ಕಾಲಬೆರಳು ತರಚಿ ರಕ್ತ ಬಂತು, ಅಷ್ಟೇ.

ಹೆಂಡತಿಗೆ ಸೀರೆ ಸುತ್ತಿ ಹೊರಗೆ ಕೂಡಿಸಿದ ಮೇಲೆ ಅಂಬ್ರಪ್ಪ ಚಪ್ಪಲಿ ಮೆಟ್ಟಿದರು. "ಆ ಅಂಗಡಿಯಾಂವ ಮೋಸ ಮಾಡ್ಯಾನ. ಇವತ್ತ ಅವನ್ನ ಬಿಡಂಗಿಲ್ಲ."

ಸುಮ್ಮನಿದ್ದರೆ ಮಾತು ಅಲ್ಲಿಗೇ ಮುಗಿಯುತ್ತಿತ್ತು. ಮಜೀದಾ ಒಡೆದ ಟೈಲ್ಸಿನ ತುಂಡನ್ನು ಎತ್ತಿಕೊಂಡಳು. ಅಂಟು ಹಿಡಿಕೆಯನ್ನು ಇನ್ನೂ ಬಿಟ್ಟಿರಲಿಲ್ಲ.

"ಅಂಟಿಂದು ತಪ್ಪಿಲ್ಲ ಕಾಕಾ. ಹಿಂದ ನೋಡ್ರಿ. ನಾಕು ಮೂಲಿಗೆ ನಾಕು ಮುದ್ದಿ, ನಡುವ ಒಂದು. ಉಳಿದದ್ದೆಲ್ಲ ಖಾಲಿ. ಅವತ್ತು ಜಲ್ದಿ ಇತ್ತು, ಹಿಂಗ ಹಚ್ಚೀವಿ. ನನ್ನ ಕೈಲೇ ಕಲಸಿದ ಸಿಮೆಂಟ್."

ಅಂಬ್ರಪ್ಪ ಆ ತುಂಡನ್ನು ಕಸಿದುಕೊಂಡು ತಿರುಗಿಸಿ ನೋಡಿದರು. "ನಡಿ ಇಲ್ಲಿಂದ. ನಿನ್ನ ಮಾರಿ ತೋರಿಸಬ್ಯಾಡ."

ಅವಳು ಚೀಲ ಎತ್ತಿಕೊಂಡಳು. ಮೋನಮ್ಮ ಕುಳಿತಲ್ಲಿಂದಲೇ ಗದರಿದಳು: "ಆಕಿ ಬಂದು ಹಿಡೀದಿದ್ರ ನನ್ನ ತಲಿ ಒಡೀತಿತ್ತು. ಆಕಿನೇ ಮಾಡ್ಲಿ. ಬ್ಯಾರೆಯವರು ಹಿಂದ ಏನು ತುಂಬತಾರ ನಿಮಗೇನು ಗೊತ್ತು?"

ಮರುದಿನ ಮಜೀದಾ ಬಚ್ಚಲಮನೆಯ ಆ ಗೋಡೆಯ ಟೈಲ್ಸನ್ನು ಪೂರಾ ಕಿತ್ತಳು. ಟೈಲ್ಸಿಗೆಂದೇ ಚೀಲದಲ್ಲಿ ಬರುವ ಅಂಟಿನ ಪುಡಿ ಕಲಸಿ, ಹಲ್ಲಿರುವ ಕರಣಿಯಿಂದ ಗೋಡೆಯ ತುಂಬ ಗೆರೆ ಎಳೆದು, ಒಂದೊಂದನ್ನೂ ಒತ್ತಿ ಕೂಡಿಸಿದಳು. ಮೊದಲ ಟೈಲ್ಸನ್ನು ಮತ್ತೆ ಕಿತ್ತು, ಹಿಂದೆಲ್ಲ ಅಂಟು ಹತ್ತಿದ್ದನ್ನು ಅಂಬ್ರಪ್ಪನವರಿಗೆ ತೋರಿಸಿದಳು. ಅದು ಒಣಗಿದ ಮೇಲೆ ಪೈಪಿನ ಜಾಗ ಬಿಟ್ಟು ತೂತು ಹೊಡೆದು ಹಿಡಿಕೆಗೆ ಬೋಲ್ಟ್ ಬಿಗಿದಳು.

"ಮನಷ್ಯಾರ ಭಾರಕ್ಕ ಬರೇ ಅಂಟು ನಂಬಬಾರದು ಕಾಕಾ," ಎಂದಳು. ಅವಳು ಹೊರಡುವಾಗ ಅಂಬ್ರಪ್ಪ ಚಹಾ ತಂದಿಟ್ಟರು.

ತಮ್ಮ ತಪ್ಪನ್ನು ಅವಳು ಹೊರಗೆ ಒಪ್ಪಿಕೊಂಡಳೆಂದು ಮನೆಯಲ್ಲಿ ಇನಾಯತ ಮೂರು ದಿನ ಮುಖ ಕೊಟ್ಟು ಮಾತಾಡಲಿಲ್ಲ. ನಾಲ್ಕನೆಯ ದಿನ ಬೆಳಿಗ್ಗೆ ಗೋಡೆ ಹಿಡಿದು ಎದ್ದು ಕುಳಿತು, ತಾನು ಅದೇ ರೀತಿ ಅವಸರದಲ್ಲಿ ಮುಗಿಸಿದ್ದ ಮನೆಗಳ ಹೆಸರು ಹೇಳತೊಡಗಿದ. ರಂಗಂಪೇಟೆಯಲ್ಲಿ ಎರಡು, ಶಹಾಪುರದಲ್ಲಿ ಒಂದು. ಮಜೀದಾ ಕರಣಿಯನ್ನು ಚೀಲಕ್ಕೆ ಹಾಕಿಕೊಂಡು ಶಹಾಪುರದ ಬಸ್ಸು ಹತ್ತಿದಳು.