ಮೇಲಿನ ಮನೆ ಹುಡುಗಿಯ ತವರು

ಸಮಾಜಶಾಸ್ತ್ರ ಪಾಠ ಮಾಡಿ ಹೊಟ್ಟೆ ಹೊರೆಯುವವಳು ನಾನು. ಬಂಧುತ್ವ ಎಂದರೆ ರಕ್ತದಿಂದ ಬಂದದ್ದು, ಮದುವೆಯಿಂದ ಬಂದದ್ದು ಎಂದು ತರಗತಿಯಲ್ಲಿ ಹೇಳುತ್ತೇನೆ. ಎರಡೂ ಅಲ್ಲದೆ ಜನ ತಾವೇ ಕಟ್ಟಿಕೊಳ್ಳುವ ನೆಂಟಸ್ತಿಕೆಗೆ ಪುಸ್ತಕದಲ್ಲಿ ‘ಕಲ್ಪಿತ ಬಂಧುತ್ವ’ ಎಂಬ ಹೆಸರಿದೆ. ಆ ಹೆಸರು ನಮ್ಮಮ್ಮನ ಕಿವಿಗೆ ಬೀಳಬಾರದಿತ್ತು.

ಚಿಕ್ಕಲಸಂದ್ರದಲ್ಲಿ ಅಜ್ಜ ರಾಗಿ ಬೆಳೆಯುತ್ತಿದ್ದ ಹೊಲದಲ್ಲೇ ಈಗ ನಮ್ಮ ಮನೆ. ಕೆಳಗೆ ನಾವು, ಮೇಲೆ ಬಾಡಿಗೆಯವರು. ಕಳೆದ ವರ್ಷ ಮೇಲಿದ್ದವಳು ಕಲಬುರಗಿ ಕಡೆಯ ಲಿಂಗಾಯತರ ಹುಡುಗಿ. ಮಂಡ್ಯದ ಹುಡುಗನನ್ನು ಮೆಚ್ಚಿ ಮದುವೆಯಾದದ್ದಕ್ಕೆ ತವರಿನವರು ಮಾತು ಬಿಟ್ಟಿದ್ದರು. ಬಸುರಿಗೆ ಏಳು ತಿಂಗಳು ತುಂಬಿದಾಗ ಅವಳ ಅತ್ತೆ ಸೀಮಂತಕ್ಕೆ ದಿನ ಗೊತ್ತು ಮಾಡಿದರು. ಬಳೆ, ಸೀರೆ, ಮಡಿಲಕ್ಕಿ ತರಬೇಕಾದವರು ತವರಿನವರು. ಹುಡುಗಿ ಕೆಳಗೆ ಬಂದು, “ಎಲ್ಲಾರ ಮುಂದ ನನ್ ಕಡೆಯವ್ರು ಯಾರೂ ಇಲ್ಲಂತ ಹೆಂಗ್ ಕುಂಡ್ರಲಿ ಆಂಟಿ?” ಎಂದು ಅತ್ತಳು.

“ನಾನ್ ತರ್ತೀನಿ, ಕಣ್ಣೊರೆಸ್ಕೋ,” ಎಂದಳು ಅಮ್ಮ. ನನ್ನ ಬಾಯಿ ಸುಮ್ಮನಿರಬೇಕಲ್ಲ! ಇದಕ್ಕೇ ಕಲ್ಪಿತ ಬಂಧುತ್ವ ಅನ್ನೋದು ಅಂದುಬಿಟ್ಟೆ.

“ಕಲ್ಪಿತ ಅಂದ್ರೆ ಸುಳ್ಳು ಅಂತಾನಾ? ಸಾಕು, ಆವತ್ತು ಬಳೆ ತಟ್ಟೆ ಹಿಡ್ಕೊಂಡು ನನ್ ಜೊತೆ ಬಾ.”

ಸೀಮಂತ ಮೇಲಿನ ಮನೆಯಲ್ಲೇ ಆದರೂ ಆ ದಿನ ಅಮ್ಮ ನೇರವಾಗಿ ಮೆಟ್ಟಿಲು ಹತ್ತಲಿಲ್ಲ. ತವರಿನವರು ದಾರಿ ಸವೆಸಿ ಬರಬೇಕಂತೆ! ತಟ್ಟೆಗಳ ಸಮೇತ ನನ್ನನ್ನು ಆಟೊಗೆ ತುಂಬಿ, ತಾನೂ ಹತ್ತಿ, ಗಣಪತಿ ಗುಡಿ ಸುತ್ತಿಸಿ, ನಮ್ಮದೇ ಗೇಟಿನ ಮುಂದೆ ನಿಲ್ಲಿಸಿದಳು. “ಹತ್ತಿದ್ದೂ ಇಲ್ಲೇ ಅಲ್ವಾ ಆಂಟಿ?” ಎಂದ ಆಟೊದವನು. “ನಿಂಗ್ಯಾಕಪ್ಪ, ಹಾರನ್ ಹೊಡಿ,” ಎಂದಳು. ಸದ್ದಿಗೆ ಅತ್ತೆ ಇಳಿದು ಬಂದು, ಕಾಲಿಗೆ ನೀರು ಕೊಟ್ಟು ಕರೆದುಕೊಂಡು ಹೋದರು.

ಮಡಿಲು ತುಂಬಿದ ಮೇಲೆ ಅತ್ತೆ ಅಮ್ಮನನ್ನು ಕೇಳಿಯೇಬಿಟ್ಟರು: “ತೆಪ್ಪು ತಿಳ್ಕೋಬ್ಯಾಡಿ. ನೀವು ಓನರ್ರು ಅಲ್ವರಾ? ಹುಡ್ಗೀಗೆ ಏನಾಗ್ಬೇಕು?” ಹುಡುಗಿ ತಲೆ ತಗ್ಗಿಸಿದಳು. ನನಗೆ ಮೈಯೆಲ್ಲ ಉರಿಯಿತು.

ಅಮ್ಮ ಯಾವ ನೆಂಟಸ್ತಿಕೆಯ ಹೆಸರನ್ನೂ ಹೇಳಲಿಲ್ಲ. “ಬಾಣಂತನ ನಮ್ಮನೇಲೇ. ಐದು ತಿಂಗಳು ತಾಯೀನೂ ಕಳ್ಸಲ್ಲ, ಮಗೂನೂ ಕಳ್ಸಲ್ಲ. ನೋಡ್ಬೇಕು ಅನ್ಸಿದ್ರೆ ನೀವೇ ಬರ್ಬೇಕು,” ಎಂದಳು. ಅಬ್ಬಾ, ಆ ಠೀವಿ! ಅವಳ ಹೊಟ್ಟೆಯಲ್ಲಿ ಹುಟ್ಟಿದೆನಲ್ಲ ಎಂದು ಆವತ್ತು ಆದಷ್ಟು ಹೆಮ್ಮೆ ನನಗೆ ಎಂ.ಎ. ಪಾಸಾದಾಗಲೂ ಆಗಿರಲಿಲ್ಲ.

ಅತ್ತೆ ಮಗನ ಕಡೆ ತಿರುಗಿ, “ತವರು ಗಟ್ಟಿಯಾಗೈತೆ ಕಣ್ಲಾ, ನೆಟ್ಟಗಿರು,” ಎಂದರು.